ಅಂಟು ಒಣಗುವ ನಲವತ್ತು ನಿಮಿಷ

ಮಾರ್ಚ್ ೩, ಸೋಮವಾರ

ಇವಳು ಮಧ್ಯಾಹ್ನ ಬಡಿಸುತ್ತಾ, ಉಪ್ಪು ಸಾಕಾ ಎಂದು ಕೇಳುವ ದನಿಯಲ್ಲೇ, "ಧ್ಯಾನದ ಕ್ಲಾಸಿಗೆ ಸೇರಿಕೊಂಡೆ" ಅಂದಳು.

ತುತ್ತು ಕೈಯಲ್ಲೇ ಉಳಿಯಿತು. "ಯಾವ ಕ್ಲಾಸು?"

"ಹಳೇ ಸೋಫಾ ಅಂಗಡಿ ಮಹಡಿ ಮೇಲೆ ಶುರುವಾಗಿದೆಯಲ್ಲ, ಅದೇ ಅಂತರಂಗ ಕೇಂದ್ರ."

"ದುಡ್ಡು ಕೊಟ್ಟಾ?"

"ಮತ್ತೆ? ಮೋರೆ ನೋಡಿ ಕಲಿಸ್ತಾರಾ?"

ಬೇಜಾರಾಗಿದ್ದು ದುಡ್ಡಿಗಲ್ಲ. ಇಪ್ಪತ್ತೆರಡು ವರ್ಷದಿಂದ ಇದೇ ಮನೆಯಲ್ಲಿ ಒಬ್ಬ ಸಾಧಕ ಕಣ್ಣೆದುರಿಗೇ ಕೂತಿದ್ದಾನೆ. ಅವನನ್ನು ಒಂದು ಮಾತು ಕೇಳದೆ, ಸೋಫಾ ಮಾರುತ್ತಿದ್ದ ಜಾಗಕ್ಕೆ ಹೋಗಿ ಫಾರ್ಮು ತುಂಬಿ ಬಂದಿದ್ದಾಳೆ!

ನನ್ನದು ಯಾರ ಹಂಗೂ ಇಲ್ಲದ ದಾರಿ. ಪುಸ್ತಕಕ್ಕೆ ಅಂಟು ಬಳಿದು, ರಟ್ಟು ಹಾಕಿ, ಪ್ರೆಸ್ಸಿನ ತಿರುಪು ಬಿಗಿದ ಮೇಲೆ ನಲವತ್ತು ನಿಮಿಷ ಅದನ್ನು ಮುಟ್ಟುವಂತಿಲ್ಲ. ಬೇರೆ ಬೈಂಡರುಗಳು ಆ ಹೊತ್ತಿನಲ್ಲಿ ಬೀಡಿ ಹಚ್ಚುತ್ತಾರೆ. ನಾನು ಕಣ್ಣು ಮುಚ್ಚುತ್ತೇನೆ. ಬೆಳಗ್ಗೆ ಹನ್ನೊಂದರಿಂದ ಹನ್ನೊಂದೂ ನಲವತ್ತು. ಗುರು ಇಲ್ಲ, ಚಾಪೆ ಇಲ್ಲ, ಬೈಂಡಿಂಗ್ ಮೇಜಿನ ಪಕ್ಕದ ಮೂರುಕಾಲಿನ ಸ್ಟೂಲು ಅಷ್ಟೇ. ಅಚ್ಚರಿಯೆಂದರೆ ನಾನು ಕೂತ ಕೂಡಲೇ ಮನೆಗೆ ಮನೆಯೇ ಧ್ಯಾನಕ್ಕೆ ಕೂರುತ್ತದೆ. ಫೋನು ಹೊಡೆದುಕೊಳ್ಳುವುದಿಲ್ಲ, ಗಿರಾಕಿ ಬರುವುದಿಲ್ಲ, ಮೇಲೆ ಅಡುಗೆಮನೆಯಲ್ಲಿ ಒಂದು ಚಮಚ ಬೀಳುವುದಿಲ್ಲ. ಮನಸ್ಸಿನ ಶಾಂತಿ ಗೋಡೆಗೂ ಹರಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ನನ್ನ ವಿದ್ಯೆಯೂ ಹಾಗೇ, ಸ್ವಂತದ್ದು. ಓದಿದ್ದೆಲ್ಲ ಬೈಂಡಿಂಗಿಗೆ ಬಂದ ಪುಸ್ತಕಗಳು. ಗಿರಾಕಿ ಅವಸರದವನಾದರೆ ಕೊನೆಯ ಅಧ್ಯಾಯ ಕೈ ತಪ್ಪುತ್ತದೆ. ಹಾಗಾಗಿ ಮೋಕ್ಷದ ವಿಷಯ ನನಗೆ ಮುಕ್ಕಾಲು ಪಾಲು ಗೊತ್ತು.

"ಕ್ಲಾಸು ಎಷ್ಟು ಹೊತ್ತಿಗೆ?" ಅಂತ ಕೇಳಿದೆ.

"ಸೋಮವಾರ, ಬುಧವಾರ, ಶುಕ್ರವಾರ. ಹನ್ನೊಂದಕ್ಕೆ."

ಇವತ್ತಿನಿಂದ ಈ ದಿನಚರಿ ಬರೆಯುತ್ತೇನೆ. ಮಿಕ್ಕ ಹಾಳೆಗಳನ್ನು ಹೊಲಿದು ನಾನೇ ಮಾಡಿಕೊಂಡ ಪುಸ್ತಕ. ಹೊಲಿದವಳು ಇವಳು, ಆ ಮಾತು ಬೇರೆ.

ಮಾರ್ಚ್ ೫, ಬುಧವಾರ

ಹನ್ನೊಂದಕ್ಕೆ ಕೂತೆ. ಹನ್ನೊಂದೂ ಮೂರಕ್ಕೆ ಫೋನು. ಹನ್ನೊಂದೂ ಆರಕ್ಕೆ ಶಾಲೆಯ ಗುಮಾಸ್ತರು ಹಾಜರಿ ಪುಸ್ತಕ ಹೊತ್ತು ತಂದು, "ಏನ್ ಸ್ವಾಮಿ, ನಿದ್ದೇನಾ?" ಅಂದರು. ಅವರು ಹೋದ ಮೇಲೆ ಮತ್ತೆ ಫೋನು. ಹನ್ನೊಂದೂಕಾಲಿಗೆ ಮೇಲಿನಿಂದ ಸುಟ್ಟ ವಾಸನೆ. ಹತ್ತಿ ಹೋಗಿ ನೋಡಿದರೆ, ನೋಡಿಕೊಳ್ಳಿ ಅಂತ ಇವಳು ಹೇಳಿ ಹೋಗಿದ್ದ ಹಾಲು ಉಕ್ಕಿ ಒಲೆಯೆಲ್ಲ ಹಾಲು. ಒರೆಸುವ ಬಟ್ಟೆ ಎಲ್ಲಿದೆಯೋ ದೇವರಿಗೇ ಗೊತ್ತು.

ಸಾಧನೆ ಎತ್ತರಕ್ಕೆ ಹೋದಂತೆ ವಿಘ್ನಗಳು ಹೆಚ್ಚುತ್ತವೆ ಅಂತ ಎಲ್ಲೋ ಓದಿದ್ದೆ. ಇಪ್ಪತ್ತೆರಡು ವರ್ಷ ಬಾರದ ವಿಘ್ನಗಳು ಇವತ್ತು ಸಾಲುಗಟ್ಟಿ ಬಂದಿವೆ ಅಂದರೆ ನಾನು ಬಹಳ ಹತ್ತಿರ ಬಂದಿರಬೇಕು.

ಮಾರ್ಚ್ ೧೦, ಸೋಮವಾರ

ಪಕ್ಕದಂಗಡಿ ಫ್ರೇಮಿನವರು ಚಹಾಕ್ಕೆ ಬಂದಿದ್ದರು. ಫೋಟೋಕ್ಕೆ ಕಟ್ಟು ಹಾಕುವ ಮನುಷ್ಯ. ಕೇಂದ್ರದ ಪ್ರಮಾಣಪತ್ರಗಳೆಲ್ಲ ಕಟ್ಟಿಗೆ ಅವರಲ್ಲಿಗೇ ಬರುವುದರಿಂದ ಅವರಿಗೆ ಅಧ್ಯಾತ್ಮದಲ್ಲಿ ಈಚೆಗೆ ಆಸಕ್ತಿ.

"ಅಲ್ಲಿ ಏಳು ಹಂತ ಇದೆಯಂತಲ್ಲಮ್ಮಾ?" ಅಂತ ಇವಳನ್ನು ಕೇಳಿದರು.

"ಹೂಂ. ನಾನಿನ್ನೂ ಒಂದನೇದು. ಹಳದಿ ದಿಂಬು."

"ದಿಂಬಾ?"

"ಕೂರೋಕೆ. ಒಂದನೇ ಹಂತಕ್ಕೆ ಹಳದಿ, ಎರಡಕ್ಕೆ ಹಸಿರು. ಏಳನೇದಕ್ಕೆ ದಿಂಬೇ ಇಲ್ಲ, ನೆಲ."

ನನಗೆ ನಗು ತಡೆಯಲಾಗಲಿಲ್ಲ. "ಆರು ಹಂತ ದಾಟಿ, ಇಷ್ಟೆಲ್ಲ ದುಡ್ಡು ಕಟ್ಟಿ, ಕೊನೆಗೆ ನೆಲದ ಮೇಲೆ ಕೂರೋದಾ? ನೆಲ ನಮ್ಮನೇಲೂ ಇದೆಯಲ್ಲೇ!"

ಇವಳೂ ನಕ್ಕಳು. ಅದು ನನಗೆ ಇಷ್ಟವಾಗಲಿಲ್ಲ. ವಾದ ಮಾಡಿದ್ದರೆ ಗೆಲ್ಲುತ್ತಿದ್ದೆ.

ಇವತ್ತಿನ ಪಾಠ 'ಮೌನದ ಪರಿಚಯ'ವಂತೆ. ಮಾರ್ಗದರ್ಶಿ ಒಂದೂವರೆ ಗಂಟೆ ಮಾತಾಡಿದರಂತೆ. ಕೊನೆಗೆ ಒಂದು ಚೀಟಿ: ನಿಮಗೆ ಸಿಕ್ಕ ಶಾಂತಿ ಎಷ್ಟು, ಹತ್ತಕ್ಕೆ ಅಂಕ ಕೊಡಿ.

"ಎಷ್ಟು ಕೊಟ್ಟೆ?"

"ಎಂಟು."

ಸೋಫಾ ಅಂಗಡಿಯಲ್ಲಿ ಎಂಟು! ನಾನು ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಅಳೆದುಕೊಂಡಿಲ್ಲ. ಅಳೆದರೆ ಒಂಬತ್ತಕ್ಕೆ ಕಡಿಮೆಯಿಲ್ಲ. ಈ ವಾರದ್ದು ಬಿಟ್ಟು.

ಮಾರ್ಚ್ ೨೧, ಶುಕ್ರವಾರ

ಎರಡು ಸುದ್ದಿ. ಒಂದು ಹೊಟ್ಟೆಗೆ, ಒಂದು ಎದೆಗೆ.

ಹೊಟ್ಟೆಯದು: ಕೇಂದ್ರದ ಪಾಠಪುಸ್ತಕಗಳ ಬೈಂಡಿಂಗ್ ನಮಗೇ ಸಿಕ್ಕಿದೆ. ಒಂದನೇ ಹಂತದ್ದು ಮುನ್ನೂರು, ಮೂರನೇ ಹಂತದ್ದು ಮುನ್ನೂರು. ಇವಳೇ ಮಾತಾಡಿ ಕೊಡಿಸಿದ್ದು.

ಎದೆಯದು: ಇವಳು ಚುರುಕು ಅಂತ ಎರಡನೇ ಹಂತಕ್ಕೆ ಆಗಲೇ ಹತ್ತಿಸಿದ್ದಾರೆ. ಮೂರು ಮುಗಿಸಿದವರು ಬೆಟ್ಟದ ಮೇಲಿನ ಅವರ ಮನೆಯಲ್ಲಿ ಮೂರು ತಿಂಗಳು ಇರಬೇಕಂತೆ. ಅದು ನಾಲ್ಕನೇ ಹಂತ.

"ಹೋಗ್ತೀಯಾ?" ಅಂದೆ.

"ಯೋಚನೆ ಮಾಡ್ತಿದ್ದೀನಿ. ಏಪ್ರಿಲ್ ಕೊನೇಲಿ ಹೇಳಬೇಕಂತೆ."

ಫ್ರೇಮಿನವರು ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಹೋದ ವರ್ಷ ಹೋದ ಹನ್ನೆರಡು ಜನದಲ್ಲಿ ಐದು ಜನ ಅಲ್ಲೇ ಉಳಿದರಂತೆ ಕಣ್ರೀ. ಅವರ ಫೋಟೋಗೆ ನಾನೇ ಕಟ್ಟು ಹಾಕಿದ್ದು. ಎಲ್ಲರೂ ಒಂದೇ ಥರ ನಗ್ತಾ ಇದ್ರು" ಅಂದರು. ಹೀಗೆ ಹೇಳಿ ಮನುಷ್ಯ ಊಟಕ್ಕೆ ಹೋದ. ನನಗೆ ಊಟ ಸೇರಲಿಲ್ಲ.

ಮೂವತ್ತೆಂಟು ವರ್ಷದಲ್ಲಿ ಇವಳು ನನ್ನ ಬಿಟ್ಟು ಇದ್ದದ್ದು ಹೆರಿಗೆಗೆ ಒಂದು ಸಲ, ತಾಯಿ ತೀರಿಕೊಂಡಾಗ ಒಂದು ಸಲ. ಬೆಟ್ಟದ ಮೇಲೆ ಉಳಿದುಬಿಟ್ಟರೆ? ಹೊಲಿಗೆ ಯಾರು ಮಾಡುತ್ತಾರೆ ಅಂತ ಮೊದಲು ಬರೆದೆ. ಹೊಡೆದು ಹಾಕಿದ್ದೇನೆ. ಹೊಲಿಗೆಗೆ ಜನ ಸಿಗುತ್ತಾರೆ.

ಮಾರ್ಚ್ ೨೬, ಬುಧವಾರ

ಇವಳಿಗೆ ತೋರಿಸಬೇಕು ಅನ್ನಿಸಿತು. ದಿಂಬು ಬೇಡ, ಮಾರ್ಗದರ್ಶಿ ಬೇಡ, ಬರೀ ಕೆಲಸದಲ್ಲೇ ಮನುಷ್ಯ ಮೇಲೇರಬಹುದು ಅಂತ.

ಬೈಂಡಿಂಗಿನಲ್ಲಿ ಹದಿನಾರು ಪುಟದ ಒಂದು ಮಡಿಕೆಗೆ ಫಾರಂ ಅನ್ನುತ್ತೇವೆ. ಒಂದನೇ ಫಾರಂ, ಎರಡನೇ ಫಾರಂ ಅಂತ ಮೇಜಿನ ಮೇಲೆ ಗುಡ್ಡೆಗಳನ್ನಿಟ್ಟುಕೊಂಡು, ಸುತ್ತು ಬರುತ್ತಾ ಒಂದೊಂದನ್ನೇ ಎತ್ತಿ ಜೋಡಿಸಬೇಕು. ಇವತ್ತು ಕೇಂದ್ರದ ಎರಡೂ ಪುಸ್ತಕ ಒಟ್ಟಿಗೆ ಇಟ್ಟುಕೊಂಡು, ಒಂದೂ ಯೋಚನೆಯಿಲ್ಲದೆ ಜೋಡಿಸಿದೆ. ಕೈ ತಾನಾಗಿ ಹೋಗುತ್ತಿತ್ತು, ಬರುತ್ತಿತ್ತು. ನಾನು ಇರಲೇ ಇಲ್ಲ. ಆರುನೂರು ಪುಸ್ತಕ ಮೂರು ದಿನದ ಕೆಲಸ, ಒಂದೂವರೆ ದಿನದಲ್ಲಿ ಮುಗಿಯುವ ಹಾಗೆ ಸಾಗಿತು.

ಇಂಥ ಶಾಂತಿ ಜನ್ಮದಲ್ಲಿ ಕಂಡಿರಲಿಲ್ಲ. ಅಂಕ ಕೊಡುವುದಾದರೆ ಹತ್ತು.

ಏಪ್ರಿಲ್ ೪, ಶುಕ್ರವಾರ

ಪುಸ್ತಕ ಕಳಿಸಿ ನಾಲ್ಕು ದಿನವಾಯಿತು. ಇವತ್ತು ಮಿಕ್ಕ ಫಾರಂ ಕಟ್ಟಿಡಲು ಹೋದಾಗ ಕಣ್ಣಿಗೆ ಬಿತ್ತು. ಎರಡು ಪುಸ್ತಕದ ನಾಲ್ಕನೇ ಫಾರಂ ಅದಲುಬದಲಾಗಿವೆ. ಎರಡೂ ಅದೇ ಕಾಗದ, ಅದೇ ಅಕ್ಷರ, ಮೂಲೆಯಲ್ಲಿ ಬರೀ '೪'. ಹೆಸರು ಹಾಕಿಲ್ಲ. ಯೋಚನೆ ಇದ್ದವನಾದರೆ ಒಂದು ಸಲ ಓದಿ ನೋಡುತ್ತಿದ್ದ.

ಮಾದರಿಗೆಂದು ಉಳಿಸಿಕೊಂಡಿದ್ದ ಎರಡು ಪ್ರತಿ ಬಿಚ್ಚಿ ನೋಡಿದೆ. ಒಂದನೇ ಹಂತದ ಪುಸ್ತಕದಲ್ಲಿ ನಲವತ್ತೆಂಟನೇ ಪುಟದ ಕೊನೆ: "ಬೆನ್ನು ನೇರ ಮಾಡಿ. ಈಗ ನಿಧಾನವಾಗಿ ಉಸಿರನ್ನು". ನಲವತ್ತೊಂಬತ್ತರ ಮೊದಲು: "ತೊರೆದವರಿಗೆ ಮಾತ್ರ ನಾಲ್ಕನೇ ಹಂತದ ಬಾಗಿಲು ತೆರೆಯುತ್ತದೆ."

ಮೂರನೇ ಹಂತದ್ದರಲ್ಲಿ: "ಸಾಧಕರೇ, ನಿಮ್ಮ ಹಳೆಯ ಹಮ್ಮನ್ನು". ಎದುರು ಪುಟದಲ್ಲಿ: "ಮೂಗಿನಿಂದ ನಿಧಾನವಾಗಿ ಒಳಗೆ ಎಳೆದುಕೊಳ್ಳಿ."

ನಲವತ್ತು ವರ್ಷದ ಕಸುಬಿನಲ್ಲಿ ಇದು ಮೊದಲ ಸಲ. ಅಜ್ಜನ ಕಾಲದಿಂದ ಬಂದ ಕೈ ಎಂದು ಹೇಳಿಕೊಳ್ಳುತ್ತಿದ್ದೆ. ಆ ಕೈಯನ್ನೇ ನೋಡಿಕೊಂಡು ಅರ್ಧ ಗಂಟೆ ಕೂತಿದ್ದೆ.

ಆಮೇಲೆ ಒಂದು ಯೋಚನೆ ಬಂತು. ಒಳ್ಳೆಯದೇನಲ್ಲ, ಆದರೂ ಬಂತು. ಹೇಳುವುದು ಬೇಡ. ಓದಿದವರು ಬಿದ್ದು ನಗಲಿ. ಇವಳೂ ನಕ್ಕು, ಬೆಟ್ಟವೂ ಬೇಡ ದಿಂಬೂ ಬೇಡ ಅಂತ ಇಳಿದು ಬರಲಿ.

ಏಪ್ರಿಲ್ ೯, ಬುಧವಾರ

ಯಾರೂ ನಕ್ಕಿಲ್ಲ.

ಏಪ್ರಿಲ್ ೧೪, ಸೋಮವಾರ

ಇನ್ನೂ ಇಲ್ಲ. ಇವಳು ಮೂರನೇ ಹಂತಕ್ಕೆ ಹೋಗಿದ್ದಾಳೆ. ಪುಸ್ತಕ ಮನೆಗೆ ತಂದಿದ್ದಾಳೆ. ಹಮ್ಮನ್ನು ಮೂಗಿನಿಂದ ಎಳೆದುಕೊಳ್ಳುವ ಪುಟ ದಾಟಿರಬೇಕು. ಮುಖದಲ್ಲಿ ಏನೂ ಗೊತ್ತಾಗುವುದಿಲ್ಲ.

ಹನ್ನೊಂದಕ್ಕೆ ಕೂರಲು ಹೋದೆ. ನಲ್ಲಿ ತೊಟ್ಟಿಕ್ಕುತ್ತಿತ್ತು, ಎದ್ದು ಹೋಗಿ ವಾಷರ್ ಹಾಕಿದೆ. ಫೋನು ಎತ್ತಿದೆ. ಗಿರಾಕಿಗಳಿಗೆ ರಸೀದಿ ಬರೆದೆ. ಹೊತ್ತು ಹೋಗಲಿ ಅಂತ ಡ್ರಾಯರುಗಳಿಗೆ ಚೀಟಿ ಅಂಟಿಸಿದೆ: ನೂಲು, ಸೂಜಿ, ಮೇಣ, ಅಡಿಪಟ್ಟಿ. ಬರೆಯುವಂಥದ್ದೇನೂ ಇಲ್ಲ.

ಏಪ್ರಿಲ್ ೧೮, ಶುಕ್ರವಾರ

ತಡೆಯಲಾಗದೆ ಕೇಂದ್ರಕ್ಕೇ ಹೋದೆ, ಕ್ಲಾಸು ಮುಗಿದು ಇವಳು ಹೊರಟ ಮೇಲೆ. ತಪ್ಪು ಒಪ್ಪಿಕೊಳ್ಳಲು ಅಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅವರ ಮುಖ ನೋಡಬೇಕಿತ್ತು.

ಮೆಟ್ಟಿಲು ಹತ್ತುವಾಗ ಈಗಲೂ ಹೊಸ ರೆಕ್ಸಿನ್ ವಾಸನೆ. ಮಾರ್ಗದರ್ಶಿಗೆ ನಲವತ್ತರ ಒಳಗಿನ ವಯಸ್ಸು, ಬಿಳಿ ಅಂಗಿ, ತುಂಬಾ ಮೆತ್ತಗಿನ ದನಿ. ಎದುರಿಗೆ ಪುಸ್ತಕ ಇಟ್ಟು ಪುಟ ತೋರಿಸಿದೆ.

"ನನ್ನ ಕೈತಪ್ಪು. ಆರುನೂರೂ ವಾಪಸ್ ಕೊಡಿ, ಬಿಚ್ಚಿ ಸರಿ ಮಾಡಿ ಕೊಡ್ತೀನಿ."

"ಅಯ್ಯೋ, ಬೇಡ ಬೇಡ!" ಅಂತ ಪುಸ್ತಕವನ್ನು ಎದೆಗೆ ಅವಚಿಕೊಂಡರು. "ನಮಗೆ ಮೊದಲ ವಾರವೇ ಗೊತ್ತಾಯ್ತು, ಯಜಮಾನರೇ. ಆದ್ರೆ ಈ ಬ್ಯಾಚಿನವರು ಕೊಟ್ಟ ಅಂಕ ನೋಡಿ. ಒಂದನೇ ಹಂತದಲ್ಲಿ ಸರಾಸರಿ ಯಾವತ್ತೂ ಏಳು ದಾಟಿರಲಿಲ್ಲ. ಈಗ ಒಂಬತ್ತು! ಆ ಪುಟಕ್ಕೆ ಬಂದಾಗ ತಲೆ ಒಂದು ಕ್ಷಣ ನಿಂತುಹೋಗುತ್ತೆ ಅಂತಾರೆ ಎಲ್ಲರೂ."

"ಅರ್ಥ ಆಗದೆ ನಿಲ್ಲುತ್ತೆ ಸ್ವಾಮಿ!"

"ಯಾಕೆ ನಿಂತರೇನಂತೆ? ನಿಲ್ಲೋದು ಮುಖ್ಯ." ಅವರು ಮುಗುಳ್ನಕ್ಕರು. "ಮುಂದಿನ ಸಾವಿರ ಪ್ರತಿಯೂ ಹೀಗೇ ಮಾಡಿಕೊಡಿ. 'ಜಿಗಿತದ ಆವೃತ್ತಿ' ಅಂತ ರಟ್ಟಿನ ಮೇಲೆ ಅಚ್ಚು ಹಾಕಿಸ್ತೀವಿ. ಆರನೇ ಫಾರಮನ್ನೂ ಬದಲಾಯಿಸೋಕೆ ಆಗುತ್ತಾ?"

ನಾನು ಇಳಿದು ಬಂದೆ. ಧ್ಯಾನದಲ್ಲಿ ನಲವತ್ತು ನಿಮಿಷ ಕೂತರೂ ಬಾರದ ಮೌನ ಆ ಮೆಟ್ಟಿಲ ಮೇಲೆ ಬಂತು.

ಏಪ್ರಿಲ್ ೧೯, ಶನಿವಾರ

ಬೆಳಗ್ಗೆ ಇಬ್ಬರೂ ಅಂಗಡಿಯಲ್ಲಿದ್ದೆವು. ಇವಳು ಹೊಲಿಯುತ್ತಿದ್ದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ. ಯೋಚನೆಯಿಲ್ಲದೆ ಜೋಡಿಸಿದ್ದು, ತಿಳಿದೂ ಸುಮ್ಮನಿದ್ದದ್ದು, ಆ ಬಿಳಿ ಅಂಗಿಯವನು ಹೇಳಿದ್ದು.

ಇವಳು ಸೂಜಿ ನಿಲ್ಲಿಸಲೂ ಇಲ್ಲ. "ನನಗೆ ಗೊತ್ತಿತ್ತು" ಅಂದಳು.

"ಯಾವಾಗ?"

"ಹೊಲಿಯೋವಾಗಲೇ. ಆರುನೂರು ಪುಸ್ತಕ ಹೊಲಿದವಳು ನಾನಲ್ವಾ? ಎರಡನೇ ಪುಸ್ತಕಕ್ಕೇ ಕಂಡಿತು."

"ಮತ್ತೆ ಯಾಕೇ ಹೇಳಲಿಲ್ಲ?"

"ನೀವು ಅವತ್ತು ಅಷ್ಟು ಖುಷಿಯಲ್ಲಿದ್ರಿ. ಯಾರು ಹೇಳ್ತಾರೆ? ಅಲ್ಲದೆ ಹೇಳೋಕೆ ಬಂದಾಗೆಲ್ಲ ಕಣ್ಣು ಮುಚ್ಚಿಕೊಂಡಿದ್ರಿ."

ನನಗೆ ಸಿಟ್ಟು ಬಂತು. ತಪ್ಪು ಪುಸ್ತಕ ಅಂತ ಗೊತ್ತು, ಮಾರ್ಗದರ್ಶಿಗೆ ಏನೂ ತಿಳಿಯದು ಅಂತಲೂ ಗೊತ್ತು, ಆದರೂ ವಾರಕ್ಕೆ ಮೂರು ಸಲ ದುಡ್ಡು ಕೊಟ್ಟು ಹೋಗುತ್ತಾಳೆ! "ಹಾಗಾದ್ರೆ ಅಲ್ಲಿ ಏನು ಸಿಗುತ್ತೆ ನಿನಗೆ? ಮನೇಲಿ ಸಿಗದೇ ಇರೋದು ಏನು?"

ಇವಳು ನೂಲು ಕಡಿದು ಪುಸ್ತಕ ಪಕ್ಕಕ್ಕಿಟ್ಟಳು.

"ಅಲ್ಲಿ ಒಂದೂವರೆ ಗಂಟೆ ಯಾರೂ ನನ್ನನ್ನ ಕತ್ತರಿ ಎಲ್ಲಿದೆ ಅಂತ ಕೇಳಲ್ಲ."

ನಾನು ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟೆ.

"ನೀವು ಕೂತಾಗ ಫೋನಿನ ಮೇಲೆ ದಿಂಬು ಇಡೋದು ಯಾರು ಅಂದ್ಕೊಂಡಿದ್ದೀರಿ? ಬಾಗಿಲಲ್ಲಿ ನಿಂತು 'ಆಮೇಲೆ ಬನ್ನಿ, ಆಮೇಲೆ ಬನ್ನಿ' ಅಂತ ಗಿರಾಕಿಗಳನ್ನ ಸನ್ನೆ ಮಾಡಿ ಕಳಿಸೋದು? ನಲ್ಲಿ ಕೆಳಗೆ ಬಟ್ಟೆ ಇಡೋದು? ಬಳೆ ಸದ್ದಾಗುತ್ತೆ ಅಂತ ಬಿಚ್ಚಿಟ್ಟು ಪಾತ್ರೆ ತೊಳೆದಿದ್ದೀನಿ ರೀ ನಾನು. ಇಪ್ಪತ್ತೆರಡು ವರ್ಷ. ನೀವು ಕಣ್ಣು ಬಿಟ್ಟು, 'ನೋಡೇ, ಎಂಥಾ ಶಾಂತಿ' ಅನ್ನೋರಿ."

ಜಗಳದ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿಯೂ ಅಲ್ಲ. ಯಾವುದೋ ಮೂರನೆಯ ಮನೆಯ ಸಂಗತಿ ಹೇಳಿದ ಹಾಗೆ ಹೇಳಿ, ಇನ್ನೊಂದು ಪುಸ್ತಕ ಎತ್ತಿಕೊಂಡಳು.

ಯಾರ ಹಂಗೂ ಇಲ್ಲದ ದಾರಿ ಅಂತ ಈ ದಿನಚರಿಯ ಮೊದಲ ಪುಟದಲ್ಲೇ ಬರೆದಿದ್ದೇನೆ. ಶಾಯಿ ಒಳ್ಳೆಯದು, ಅಳಿಸಿದರೆ ಹೋಗುವುದಿಲ್ಲ.

ಏಪ್ರಿಲ್ ೨೮, ಸೋಮವಾರ

ಇವತ್ತು ಇವಳು ಉತ್ತರ ಹೇಳಬೇಕಿದ್ದ ದಿನ. ಬೆಟ್ಟವೋ, ಮನೆಯೋ. ನಾನು ಏನೂ ಕೇಳಲಿಲ್ಲ. "ಹೋಗಬೇಕು ಅನ್ಸಿದ್ರೆ ಹೋಗು, ಅಂಗಡಿ ನಾನು ನೋಡ್ಕೋತೀನಿ" ಅಂತ ಮಾತ್ರ ಹೇಳಿದೆ. ಆ ಒಂದು ಮಾತನ್ನು ಕಟ್ಟಿಕೊಳ್ಳಲು ಬೆಳಗ್ಗೆಯಿಂದ ಮೂರು ಲೋಟ ಚಹಾ ಬೇಕಾಯಿತು.

ಹನ್ನೆರಡರೊಳಗೇ ವಾಪಸ್ ಬಂದಳು. ಚಪ್ಪಲಿ ಬಿಟ್ಟ ಸದ್ದಿನಲ್ಲೇ ಏನೋ ಆಗಿದೆ ಅಂತ ಗೊತ್ತಾಯಿತು.

"ನಾಲ್ಕನೇ ಹಂತ ಅಂದ್ರೆ ಸೇವೆಯಂತೆ" ಅಂದಳು. "ಅಹಂಕಾರ ಕರಗೋಕೆ. ಒಬ್ಬೊಬ್ಬರಿಗೆ ಒಂದೊಂದು. ನನಗೆ ಹೊಲಿಗೆ ಬರುತ್ತೆ ಅಂತ ಯಾರೋ ಹೇಳಿಬಿಟ್ಟಿದ್ದಾರೆ."

"ಮತ್ತೆ?"

"ಬೆಟ್ಟದ ಮೇಲೆ ಇನ್ನೂರು ದಿಂಬು ಇದೆಯಂತೆ. ಎಲ್ಲದರ ಗವುಸು ಹರಿದಿದೆಯಂತೆ." ಕೂತು ನೀರು ಕುಡಿದಳು. "ಹೊರಡೋಕೆ ಮುಂಚೆ ಮಾರ್ಗದರ್ಶಿಗಳು ಅಂಗಿ ಕೈ ಮುಂದೆ ಮಾಡಿ, 'ಅಕ್ಕಾ, ಒಂದು ಗುಂಡಿ ಬಿದ್ದುಹೋಗಿದೆ' ಅಂದ್ರು."

"ನೀನೇನು ಅಂದೆ?"

"ಗುಂಡಿ ಹಾಕಿಕೊಟ್ಟು ಬಂದೆ. ಇನ್ನು ಬರಲ್ಲ ಅಂತಲೂ ಹೇಳಿ ಬಂದೆ."

ನಾನು ಕುಣಿಯಬೇಕಿತ್ತು. ಒಂದೂವರೆ ತಿಂಗಳಿಂದ ಇದೇ ಬೇಡಿಕೊಂಡಿದ್ದು. ಆದರೆ ಅವಳು ಖಾಲಿ ಲೋಟ ಹಿಡಿದು ಕೂತಿದ್ದ ರೀತಿ ನೋಡಿ ಕುಣಿಯಲಾಗಲಿಲ್ಲ. ಇಲ್ಲೂ ನೆಮ್ಮದಿ ಇಲ್ಲ, ಅಲ್ಲೂ ಇಲ್ಲ ಅನ್ನುವಂತೆ ಇತ್ತು ಮುಖ.

ಫ್ರೇಮಿನವರು ಮಾತ್ರ ಪೂರ್ತಿ ದುಃಖಿತರು. ಇವಳ ಮೂರನೇ ಹಂತದ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಕಟ್ಟು ಆಗಲೇ ಕೊಯ್ದಿಟ್ಟಿದ್ದರಂತೆ.

ಮೇ ೭, ಬುಧವಾರ

ಕ್ಲಾಸು ಬಿಟ್ಟಾಯಿತು. ಆದರೂ ಇವಳು ಸೋಮವಾರ, ಬುಧವಾರ, ಶುಕ್ರವಾರ ಹತ್ತೂಮುಕ್ಕಾಲಿಗೆ ಸೀರೆ ಬದಲಾಯಿಸಿ ಹೊರಡುತ್ತಾಳೆ. ಎಲ್ಲಿಗೆ ಅಂತ ಹೇಳುವುದಿಲ್ಲ. ಮೂರು ಸಲ ಬಾಯಿ ಬಿಗಿಹಿಡಿದುಕೊಂಡಿದ್ದೆ, ಇವತ್ತು ಕೇಳಿದೆ.

"ಬಸ್ಸಲ್ಲಿ" ಅಂದಳು.

"ಬಸ್ಸಲ್ಲಿ ಎಲ್ಲಿಗೆ?"

"ಎಲ್ಲಿಗೂ ಇಲ್ಲ. ನಮ್ಮ ಮೂಲೆಯಿಂದ ಕೊನೇ ಸ್ಟಾಪಿಗೆ ಹೋಗ್ತೀನಿ. ಅದೇ ಬಸ್ಸಲ್ಲಿ ವಾಪಸ್ ಬರ್ತೀನಿ. ಆ ಹೊತ್ತಲ್ಲಿ ಖಾಲಿ ಇರುತ್ತೆ. ಕಿಟಕಿ ಪಕ್ಕ ಸಿಗುತ್ತೆ."

"ಅಲ್ಲಿ ಕೂತು ಏನು ಮಾಡ್ತೀಯಾ? ಉಸಿರು ಗಮನಿಸ್ತೀಯಾ?"

"ಇಲ್ಲ."

"ಬೆಳಕು ಗಿಳಕು ಏನಾದ್ರೂ ಕಾಣುತ್ತಾ?"

"ಅಂಗಡಿ ಬೋರ್ಡು ಕಾಣುತ್ತೆ ರೀ."

"ಮತ್ತೆ ಏನಾಗುತ್ತೆ?"

"ಏನೂ ಆಗಲ್ಲ" ಅಂದಳು. ಹೇಳುವಾಗ ಮುಖ ಎಷ್ಟು ಹಗುರವಾಗಿತ್ತೆಂದರೆ ನನಗೆ ಹೊಟ್ಟೆಕಿಚ್ಚಾಯಿತು. ನಾನು ಓದಿದ ಮುಕ್ಕಾಲು ಪಾಲಿನಲ್ಲಿ ಇದು ಎಲ್ಲೂ ಬಂದಿಲ್ಲ. ಉಳಿದ ಕಾಲು ಭಾಗದಲ್ಲಿ ಇದ್ದಿರಬಹುದು.

ಕೇಂದ್ರಕ್ಕೆ ಹೇಳಿ ಕಳಿಸಿದೆ: ಜಿಗಿತದ ಆವೃತ್ತಿ ನನ್ನಿಂದ ಆಗುವುದಿಲ್ಲ, ಫಾರಂ ಇರುವ ಹಾಗೇ ಜೋಡಿಸುವುದಾದರೆ ಮಾತ್ರ ಕಳಿಸಿ. ಬೇರೆ ಬೈಂಡರನ್ನು ನೋಡಿಕೊಂಡರಂತೆ.

ಮೇ ೧೪, ಬುಧವಾರ

"ನಾನೂ ಬರಲಾ?" ಅಂತ ಕೇಳಿದ್ದು ನಿನ್ನೆ. ಇವಳು ಬಹಳ ಹೊತ್ತು ಯೋಚನೆ ಮಾಡಿದಳು. ಬೆಟ್ಟಕ್ಕೂ ಇಷ್ಟು ಯೋಚಿಸಿರಲಿಲ್ಲವೇನೋ.

"ಬನ್ನಿ. ಆದ್ರೆ ನನ್ನ ಪಕ್ಕ ಬೇಡ."

ಹಾಗಾಗಿ ಇವತ್ತು ಅಂಗಡಿಗೆ ಬೀಗ ಹಾಕಿ ಹೊರಟೆ. ನಿಲ್ದಾಣದಲ್ಲೂ ಸ್ವಲ್ಪ ದೂರವೇ ನಿಂತೆ. ಬಸ್ಸು ಹೇಳಿದಂತೆ ಖಾಲಿ. ಇವಳು ಎಡಗಡೆ ಕಿಟಕಿಯ ಸೀಟಿಗೆ ಹೋದಳು, ತನ್ನ ಮನೆಯ ಕೋಣೆಗೆ ಹೋದ ಹಾಗೆ. ನಾನು ನಾಲ್ಕು ಸೀಟು ಹಿಂದೆ.

ಬಸ್ಸು ಹೊರಟಿತು. ನಾನು ಅಭ್ಯಾಸದಂತೆ ಕಣ್ಣು ಮುಚ್ಚಿದೆ. ರಸ್ತೆಯಲ್ಲಿ ಗುಂಡಿ ಬಂತು, ಕಣ್ಣು ಬಿಟ್ಟೆ. ಮತ್ತೆ ಮುಚ್ಚಲಿಲ್ಲ. ಕಾಣುತ್ತಿದ್ದದ್ದು ಇವಳ ತುರುಬು, ಕಿವಿಯ ಹಿಂದೆ ಇಷ್ಟು ನರೆ, ಕಿಟಕಿಯ ಸರಳಿನ ಮೇಲೆ ಒಂದು ಕೈ. ಆ ಕೈಯಲ್ಲಿ ಏನೂ ಇರಲಿಲ್ಲ. ಸೂಜಿ, ನೂಲು, ಸೌಟು, ಚೀಲ, ಏನೂ. ಆ ಕೈಯನ್ನು ಹಾಗೆ ನೋಡಿದ ನೆನಪೇ ನನಗಿಲ್ಲ.

ಕಂಡಕ್ಟರು ಹಿಂದಿನಿಂದ ಟಿಕೆಟ್ ಹರಿಯುತ್ತಾ ಬಂದ. ಮೀಸೆ ಹಣ್ಣಾಗಿದೆ, ಮಾತು ಜಾಸ್ತಿ.

"ಎಲ್ಲಿಗೆ ಯಜಮಾನ್ರೇ?"

"ಕೊನೇ ಸ್ಟಾಪು. ಹೋಗಿ ಬರೋದು."

"ಓಹೋ, ನಿಮಗೂ ಅದೇನಾ? ಅಲ್ಲಿ ಮುಂದೆ ಕೂತಿದ್ದಾರಲ್ಲ ಅಮ್ಮನವರು, ಅವರೂ ಹಾಗೇ. ವಾರಕ್ಕೆ ಮೂರು ಸಲ. ನಿಮ್ಮ ಕಡೆಯವರಾ?"

"ಹೌದು."

"ಒಳ್ಳೇ ಜನ. ಆದ್ರೆ ಏನು ಲೋಕದಲ್ಲಿರ್ತಾರೋ ಏನೋ. ಎಲ್ಲಿಗಮ್ಮಾ ಅಂತ ಕೇಳಿದ್ರೆ ಸಾಕು, ಪ್ರತಿ ಸಲ ಬೆಚ್ಚಿ ಬೀಳ್ತಾರೆ. ಮಲಗಿರೋರನ್ನ ತಟ್ಟಿ ಎಬ್ಬಿಸಿದ ಹಾಗೆ." ಬೆರಳಿಗೆ ಉಗುಳು ಹಚ್ಚಿಕೊಂಡು ಮುಂದಕ್ಕೆ ಹೆಜ್ಜೆ ಇಟ್ಟ.

ನಾನು ಅವನ ತೋಳು ಹಿಡಿದೆ.

"ಅವರನ್ನ ಕೇಳಬೇಡಿ" ಅಂದೆ. "ಎರಡು ಕೊಡಿ."

ಅವನು ಒಂದು ಸಲ ನನ್ನನ್ನು, ಒಂದು ಸಲ ಅವಳನ್ನು ನೋಡಿ, ಎರಡು ಹರಿದು ಕೊಟ್ಟ. ಆಮೇಲೆ ಚಿಲ್ಲರೆ ಚೀಲವನ್ನು ಸದ್ದಾಗದಂತೆ ಕೈಯಲ್ಲಿ ಒತ್ತಿಹಿಡಿದು, ಅವಳ ಸೀಟು ದಾಟಿ ಮುಂದಕ್ಕೆ ಹೋದ. ಅವಳು ತಿರುಗಿ ನೋಡಲಿಲ್ಲ.